ಒಂದೇ ನೊಗಕ್ಕೆ ಎರಡು ಆಮ್ಲ

ಗೋಕಾಕದ ಆ ಕಾಲೇಜಿಗೆ ಆರು ಮಂದಿ ಪ್ರಿನ್ಸಿಪಾಲರು ಬಂದು ಹೋಗಿದ್ದರು, ಗೋಡೆಗಳು ಮೂರು ಸಲ ಬಣ್ಣ ಕಂಡಿದ್ದವು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ಬದಲಾಗದೆ ಉಳಿದದ್ದು ಮುರಿಗೆಪ್ಪನ ಕೈ ಒಂದೇ. ಹುದ್ದೆಯಿಂದ ಆತ ಲ್ಯಾಬ್ ಅಟೆಂಡರ್. ಪರೀಕ್ಷೆಯ ದಿನ ಹುಡುಗರು ಬ್ಯೂರೆಟ್ಟಿನ ಕೆಳಗೆ ಫ್ಲಾಸ್ಕ್ ಹಿಡಿದು, ತಿಳಿ ಗುಲಾಬಿ ಬಣ್ಣ ಬರುವ ಹೊತ್ತಿಗೆ ಸರಿಯಾಗಿ ನಲ್ಲಿ ನಿಲ್ಲಿಸಲಾರದೆ ಒದ್ದಾಡುತ್ತಿದ್ದರೆ, ಆತ ಕೋಣೆಯ ಆ ತುದಿಯಿಂದಲೇ "ಸಾಕು" ಅನ್ನುತ್ತಿದ್ದ. ತಾನೇ ಕೈ ಹಚ್ಚಿದರೆ ಪೂರ್ತಿ ಹನಿಯನ್ನೂ ಬಿಡುತ್ತಿರಲಿಲ್ಲ. ಅರ್ಧ ಹನಿಯನ್ನು ತುದಿಗೆ ತೂಗಾಡಿಸಿ, ಫ್ಲಾಸ್ಕಿನ ಗೋಡೆಗೆ ತಾಗಿಸಿ ಒರೆಸಿಕೊಳ್ಳುತ್ತಿದ್ದ. ಹೊರಗಿನಿಂದ ಬಂದ ಪರೀಕ್ಷಕರು ಉತ್ತರ ಸರಿಯೋ ತಪ್ಪೋ ಎಂದು ವಾದಕ್ಕೆ ಬಿದ್ದರೆ, ಕೊನೆಗೆ ಕೇಳುತ್ತಿದ್ದ ಮಾತು ಒಂದೇ: "ಮುರಿಗೆಪ್ಪನ ಕೈಯಾಗ ಎಷ್ಟ ಬಂದೈತಿ?"

ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿರುವುದು ಮುಖದ ಮೇಲೂ ಕಾಣುತ್ತಿತ್ತು, ಕೆಲವರ ಪ್ರಕಾರ ಸ್ವಲ್ಪ ಹೆಚ್ಚೇ ಕಾಣುತ್ತಿತ್ತು. ಕಾಣಲಿ ಬಿಡಿ. ಮೂವತ್ತೊಂದು ವರ್ಷ ಒಂದು ಹನಿ ಹೆಚ್ಚು ಬಿಡದವನು ಬೆನ್ನು ನೆಟ್ಟಗೆ ಮಾಡಿ ನಡೆದರೆ ಯಾರಪ್ಪನ ಗಂಟು ಹೋಗುತ್ತದೆ? ಕುಲಗೋಡದಿಂದ ಬೆಳಗಿನ ಬಸ್ಸಿಗೆ ಬಂದು, ಪ್ರಯೋಗಶಾಲೆಯ ಬಾಗಿಲು ತೆಗೆದು, ಕೈಕಾಲು ಮುಖ ತೊಳೆದು, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡ ಮೇಲೆಯೇ ಆತ ಗಾಜಿನ ಸಾಮಾನು ಮುಟ್ಟುತ್ತಿದ್ದದ್ದು. ಬರುವ ಮೇ ತಿಂಗಳ ಕೊನೆಗೆ ನಿವೃತ್ತಿ. ಶಾಲು ಯಾವ ಬಣ್ಣದ್ದು ತರಬೇಕು ಎಂದು ಸಿಬ್ಬಂದಿ ಆಗಲೇ ಮಾತಾಡಿಕೊಳ್ಳುತ್ತಿದ್ದರು.

ಆ ವರ್ಷವೇ ದಾನೇಶ್ವರಿ ಮ್ಯಾಡಮ್ಮಿನ ಬಾಟಲಿ ಬಂತು.

ದಾನೇಶ್ವರಿ ಹುಕ್ಕೇರಿ ತಾಲೂಕಿನ ಹತ್ತರಗಿಯವಳು. ಅದೇ ವಿಭಾಗದಲ್ಲಿ ಪಾಠ ಹೇಳುತ್ತ ನಾಲ್ಕು ವರ್ಷದಿಂದ ಪಿಎಚ್‌ಡಿಗೆ ಹೆಣಗುತ್ತಿದ್ದಳು. ಹೆಬ್ಬೆರಳು ಗಾತ್ರದ ಆ ಬಾಟಲಿಗಾಗಿ ಎಂಟು ತಿಂಗಳು ಕಾಗದಪತ್ರ ಓಡಾಡಿದ್ದವು. ಅದು ಬಂದ ದಿನ ಆಕೆ ಮುರಿಗೆಪ್ಪನನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ಕಾಕಾ, ಇರುವಿ ಕಡದ್ರ ಚುರುಚುರು ಅಂತೈತಲ್ರಿ, ಅದರಾಗಿನ ಆಮ್ಲ ಇದು. ಫಾರ್ಮಿಕ್ ಆಮ್ಲ. ಇದರ ಅಣುವಿನ್ಯಾಗ ಎರಡು ಹೈಡ್ರೋಜನ್ ಅದಾವು. ಒಂದು ಬಾಗಲಾಗ ನಿಂತೈತಿ, ಅದು ಹೊರಗ ಹೋಗೂದು. ಅದು ಎಷ್ಟು ಲಗೂನ ಹೊರಗ ಹೋಗತೈತೋ ಆಮ್ಲ ಅಷ್ಟು ಖಡಕ್. ಇನ್ನೊಂದು ಒಳಗ ಕುಂತೈತಿ, ಅದು ಎಲ್ಲಿಗೂ ಹೋಗೂದಿಲ್ಲ."

"ಅಷ್ಟು ಗೊತ್ತೈತ್ರಿ ನನಗ," ಎಂದ ಮುರಿಗೆಪ್ಪ. ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲಿರಲಿಲ್ಲ.

"ಈ ಬಾಟಲ್ಯಾಗ ಒಳಗ ಕುಂತಿದ್ದನ್ನ ತಗದು, ಅದರ ಭಾರದ ಅಣ್ಣನ್ನ ಕುಂಡ್ರಿಸ್ಯಾರ. ಡ್ಯುಟೀರಿಯಂ. ಮನಿತನ ಒಂದ, ತೂಕ ಎರಡು ಪಟ್ಟು."

"ಮತ್ತ ಬಾಗಲಾಗಿಂದು?"

"ಅದು ಹೆಂಗಿತ್ತೋ ಹಂಗ ಐತಿ. ಆದ್ರೂ ನೋಡ್ರಿ, ಒಳಗಿನಾಂವ ಭಾರ ಆದಾ ಅಂತ ಬಾಗಲಾಗಿನಾಂವ ಹೊರಗ ಹೋಗಾಕ ಜರಾ ಹಿಂದ ಮುಂದ ನೋಡ್ತಾನ. ಆಮ್ಲ ಜರಾ ಸಪ್ಪಗ ಆಗತೈತಿ. ಎಷ್ಟು ಸಪ್ಪಗ ಅನ್ನೂದ ನನ್ನ ಪಿಎಚ್‌ಡಿ."

ಯಾಕೆ ಹೀಗೆ ಎಂಬುದನ್ನೂ ಹೇಳಿದಳು. ಒಳಗಿನ ಹೈಡ್ರೋಜನ್ ಸುಮ್ಮನೆ ಕೂತಿರುವುದಿಲ್ಲ, ಸದಾ ನಡುಗುತ್ತಿರುತ್ತದೆ. ಹಗುರದ್ದು ಹೆಚ್ಚು ನಡುಗುತ್ತದೆ, ಭಾರದ್ದು ಕಡಿಮೆ. ಬಾಗಿಲಲ್ಲಿದ್ದದ್ದು ಹೊರಟುಹೋದರೆ ಒಳಗಿನದರ ಕಟ್ಟು ತುಸು ಸಡಿಲಾಗುತ್ತದೆ. ಕಟ್ಟು ಸಡಿಲಾದರೆ ಹೆಚ್ಚು ನಡುಗುವವನಿಗೆ ಹೆಚ್ಚು ಆರಾಮ, ಕಡಿಮೆ ನಡುಗುವವನಿಗೆ ಅಷ್ಟಕ್ಕಷ್ಟೆ. ಹಾಗಾಗಿ ಹಗುರದ ಆಮ್ಲ ತನ್ನ ಬಾಗಿಲಿನವನನ್ನು ಸಲೀಸಾಗಿ ಕಳಿಸುತ್ತದೆ, ಭಾರದ್ದು ಹಿಡಿದುಕೊಳ್ಳುತ್ತದೆ. ಮುರಿಗೆಪ್ಪನಿಗೆ ಇದು ಬಹಳ ಹಿಡಿಸಿತು. ತೂಕಸ್ಥರ ಮನೆಯಿಂದ ಒಬ್ಬರು ಹೊರಬೀಳುವುದು ಎಷ್ಟು ತಡ ಎಂಬುದು ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ.

ಮುರಿಗೆಪ್ಪನದು ಎತ್ತಿನ ಮನೆತನ. ಅವನ ಅಪ್ಪ ಮೂಡಲಗಿಯ ದನದ ಪೇಟೆಯಲ್ಲಿ ಜೋಡಿ ಹೊಂದಿಸಿಕೊಡುವುದಕ್ಕೆ ಹೆಸರಾದವನು, ಈಗಲೂ ಎತ್ತು ಕೊಳ್ಳುವವರು ಮಗನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಆ ಮನೆಯಲ್ಲಿ ಹೊಸ ಎತ್ತು ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ, ಕಾಲಿಗೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚದೆ ಒಳಗೆ ಕಟ್ಟುವ ಪದ್ಧತಿಯಿಲ್ಲ. ಎಂಟು ತಿಂಗಳು ದಾರಿ ಕಾಯಿಸಿ ಬಂದ ಬಾಟಲಿಯೂ ಅವನ ಕಣ್ಣಿಗೆ ಹೊಸ ಎತ್ತೇ. ಬಾಟಲಿಗೆ ಮೂರು ಬೆರಳು ಎಳೆದ. ದಾನೇಶ್ವರಿ ನೋಡಿ ನಕ್ಕಳು, ಬೇಡ ಅನ್ನಲಿಲ್ಲ. ಆಕೆ ನೋಡದೆ ಹೋದದ್ದು ಒಂದಿತ್ತು. ಭಾರದ ಆಮ್ಲಕ್ಕೆಂದೇ ತೆಗೆದಿಟ್ಟ ಫ್ಲಾಸ್ಕಿನ ಬಾಯಂಚಿಗೂ ಆತ ದಿನಾ ಬೆಳಿಗ್ಗೆ ಮೂರು ಬೆರಳು ಎಳೆಯುತ್ತಿದ್ದ.

ಅಳತೆ ಶುರುವಾಯಿತು. ಸಾಮಾನು ದುಬಾರಿ, ಆದ್ದರಿಂದ ಒಂದೊಂದು ಸಲಕ್ಕೂ ತೆಗೆದುಕೊಳ್ಳುವ ಆಮ್ಲ ಬಹಳ ಕಡಿಮೆ, ಅದೂ ನೀರಿನಲ್ಲಿ ತೆಳು ಮಾಡಿದ್ದು. ಒಂದು ಫ್ಲಾಸ್ಕಿನಲ್ಲಿ ಹಗುರದ್ದು, ಇನ್ನೊಂದರಲ್ಲಿ ಭಾರದ್ದು. ಎರಡಕ್ಕೂ ಬೇರೆ ಬೇರೆಯಾಗಿ ಕ್ಷಾರ ಬಿಡುತ್ತ ಪಿಎಚ್ ಮೀಟರ್ ನೋಡಬೇಕು. ಕ್ಷಾರ ಬಿಟ್ಟದ್ದು ಮುರಿಗೆಪ್ಪ, ಬರೆದುಕೊಂಡದ್ದು ದಾನೇಶ್ವರಿ. ಹಗುರದ್ದು ನೂರು ಕೊಟ್ಟಲ್ಲಿ ಭಾರದ್ದು ಎಪ್ಪತ್ತು ಕೊಟ್ಟಿತು, ಅಂದರೆ ನೂರಕ್ಕೆ ಮೂವತ್ತು ಸಪ್ಪೆ. ಮರುದಿನವೂ ಹೆಚ್ಚು ಕಡಿಮೆ ಅಷ್ಟೇ. ಅದರ ಮರುದಿನವೂ ಅಷ್ಟೇ. ದಾನೇಶ್ವರಿ ಖುರ್ಚಿಯಿಂದ ಎದ್ದು ನಿಂತಳು, ಮತ್ತೆ ಕೂತಳು, ಮತ್ತೆ ಎದ್ದಳು.

"ಇಷ್ಟು ದೊಡ್ಡ ಫರಕು ಯಾರಿಗೂ ಸಿಕ್ಕಿಲ್ಲ ಕಾಕಾ!"

"ಅವರ ಕಡೆ ಈ ಕೈ ಇರಲಿಲ್ಲಲ್ರಿ," ಎಂದ ಮುರಿಗೆಪ್ಪ. ಅವತ್ತು ಕುಲಗೋಡ ಬಸ್ಸಿನಲ್ಲಿ ಬಾಜೂ ಕೂತವರಿಗೆಲ್ಲ ಭಾರದ ಹೈಡ್ರೋಜನ್ನಿನ ಪಾಠವಾಯಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಕೇಳಿದ.

ಹದಿನೈದು ದಿನಕ್ಕೆ ವಿಶ್ವವಿದ್ಯಾಲಯದ ಸಮಿತಿ ಬಂತು. ಮುಖ್ಯಸ್ಥರು ಸದಾಶಿವ ಸರ್. ಧಾರವಾಡದವರು, ತೆಳ್ಳಗೆ, ಮಾತು ಅದಕ್ಕಿಂತ ತೆಳ್ಳಗೆ. ದಾನೇಶ್ವರಿ ಗೋಡೆಯ ಮೇಲೆ ತೋರಿಸಿದ ಲೆಕ್ಕವನ್ನೆಲ್ಲ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಅಳತಿ ಮಾಡಿದ ಕೈ ಯಾರದು?"

ಬಾಗಿಲ ಬಳಿ ನಿಂತಿದ್ದ ಮುರಿಗೆಪ್ಪ ಎರಡು ಹೆಜ್ಜೆ ಮುಂದೆ ಬಂದ. ಇಂಥ ಪ್ರಶ್ನೆಗೆ ಮುಂದೆ ಬಂದೇ ಅವನಿಗೆ ರೂಢಿ. "ನಂದರಿ," ಎಂದು ಬಲಗೈಯನ್ನು ತುಸು ಎತ್ತಿಯೂ ತೋರಿಸಿದ.

"ಹಂಗಾದ್ರ ಈ ಕೈಯಾಗ ಏನೋ ತಪ್ಪೈತಿ. ಲೆಕ್ಕ ಹಾಕಿದ್ರ ಎಂಟು ಬರಬೇಕು. ಅಳದವರಿಗೂ ಎಂಟರ ಆಸುಪಾಸು ಬಂದೈತಿ. ಮೂವತ್ತು ಅಂದ್ರ ನೀವು ಹೊಸ ರಸಾಯನಶಾಸ್ತ್ರ ಕಂಡುಹಿಡದೀರಿ, ಇಲ್ಲಾ ನಿಮ್ಮ ಅಟೆಂಡರ್ ಕೈ ಸಡಲ ಐತಿ. ಒಂದು ತಿಂಗಳು ಟೈಮ್ ಕೊಡ್ತೇನಿ ಮ್ಯಾಡಮ್. ಆಮ್ಯಾಲೆ ಈ ವಿಷಯಾನ ಬದ್ಲಿ ಮಾಡೂಣು."

ಕಾಗದದ ಮೇಲೆ ಅವರು ಏನೋ ಬರೆದರು. ಅಟೆಂಡರನ ಅಳತೆಯ ದೋಷ ಅಂತ ಬರೆದರಂತೆ, ಆಮೇಲೆ ಯಾರೋ ಹೇಳಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತೊಂದು ವರ್ಷದ ಹೆಸರಿಗೆ ಒಂದೂವರೆ ಸಾಲು ಸಾಕಾಯಿತು. ಮುರಿಗೆಪ್ಪ ಎತ್ತಿದ ಕೈಯನ್ನು ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡ. ಅವನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಆ ವಾರ ಅವನು ರಜೆ ಹಾಕಿದ. ದಾನೇಶ್ವರಿ ಹೊಸ ಫ್ಲಾಸ್ಕ್ ತೆಗೆದುಕೊಂಡು ಎಲ್ಲವನ್ನೂ ತಾನೇ ಅಳೆದಳು. ಒಮ್ಮೆ ಹನ್ನೆರಡು ಬಂತು, ಒಮ್ಮೆ ಮೂರು, ಒಮ್ಮೆ ಏನೂ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ. ಆದರೆ ಮೂವತ್ತು ಮಾತ್ರ ಮತ್ತೆ ಬರಲಿಲ್ಲ. ಫೋನಿನಲ್ಲಿ ಇದನ್ನು ಹೇಳುವಾಗ ಆಕೆ ಎಷ್ಟೋ ಮೆತ್ತಗೆ ಹೇಳಿದಳು. ಮೆತ್ತಗೆ ಹೇಳಿದ್ದೇ ಮುರಿಗೆಪ್ಪನಿಗೆ ಹೆಚ್ಚು ಚುಚ್ಚಿತು. ಮೂವತ್ತು ಬಂದದ್ದು ತನ್ನ ಕೈಯಲ್ಲಿ ಮಾತ್ರ ಅಂದಮೇಲೆ ಇನ್ನೇನು ಉಳಿಯಿತು?

ರಜೆಯ ನಾಲ್ಕನೆಯ ದಿನ ಬೆಳಿಗ್ಗೆ, ಕುಲಗೋಡದ ಮನೆಯ ಅಂಗಳದಲ್ಲಿ ಅವನ ಹೆಂಡತಿ ಶಿವಗಂಗವ್ವ ಪೂಜೆಯ ಹಿತ್ತಾಳೆ ತಟ್ಟೆಗೆ ಹುಣಸೆಹಣ್ಣಿನ ರಸ ಹಾಕಿ ತಿಕ್ಕುತ್ತ ಕೂತಿದ್ದಳು. ಮುರಿಗೆಪ್ಪ ಸ್ನಾನ ಮುಗಿಸಿ ಬಂದು ವಿಭೂತಿ ಗಟ್ಟಿಗೆ ಬೆರಳು ಒತ್ತಿದ. ಮನಸ್ಸು ಎಲ್ಲೋ ಇತ್ತು, ಬೆರಳು ಜೋರಾಗಿ ಒತ್ತಿತು. ಗಟ್ಟಿಯ ಮೂಲೆ ಮುರಿದು ತಟ್ಟೆಯೊಳಗಿನ ಹುಣಸೆ ರಸಕ್ಕೆ ಬಿತ್ತು.

ಬಿದ್ದ ಕಡೆ ಚುರ್ ಎಂದು ಗುಳ್ಳೆ ಎದ್ದವು.

"ದೇವರ ವಿಭೂತಿ ನೋಡಿ ಹಿಡೀಬಾರದೇನ್ರಿ!" ಎಂದು ಶಿವಗಂಗವ್ವ ಗದರಿದಳು. ಮುರಿಗೆಪ್ಪ ತಟ್ಟೆಯ ಮುಂದೆ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಹುಳಿಗೆ ಬಿದ್ದು ಗುಳ್ಳೆ ಏಳಿಸುವುದು ಯಾವುದು ಎಂದು ಮೂವತ್ತೊಂದು ವರ್ಷ ಪಿಯುಸಿ ಹುಡುಗರಿಗೆ ಹೇಳಿಕೊಟ್ಟವನು ಅವನೇ. ಸುಣ್ಣದ ಕುಲದ್ದು. ಆಮ್ಲವನ್ನು ತಿನ್ನುವಂಥದ್ದು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಭಾರದ ಆಮ್ಲದ ಫ್ಲಾಸ್ಕಿನ ಬಾಯಂಚಿಗೆ ಪ್ರತಿದಿನ ಬೆಳಿಗ್ಗೆ ತಾನೇ ಹಚ್ಚಿದ ಮೂರು ಗೆರೆ ಕಣ್ಣ ಮುಂದೆ ಬಂದವು. ಫ್ಲಾಸ್ಕಿಗೆ ಬಗ್ಗಿಸಿದಾಗಲೆಲ್ಲ ಆಮ್ಲ ಆ ಅಂಚನ್ನು ತೊಳೆದುಕೊಂಡೇ ಒಳಗೆ ಇಳಿಯುತ್ತಿತ್ತು.

ಅವನಿಗೆ ಎರಡು ದಾರಿ ಇದ್ದವು. ನಾಳೆಯಿಂದ ಫ್ಲಾಸ್ಕಿಗೆ ವಿಭೂತಿ ಹಚ್ಚುವುದನ್ನು ಬಿಟ್ಟು, ಬಾಯಿ ಮುಚ್ಚಿಕೊಂಡು ಮೇ ತಿಂಗಳ ಶಾಲು ಹೊದ್ದುಕೊಂಡು ಬರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೈ ಸ್ವಲ್ಪ ಸಡಿಲಾಗಿತ್ತು, ವಯಸ್ಸಾಯಿತು ಅನ್ನುತ್ತಿದ್ದರು. ಹೇಳಿದರೆ ಗೋಕಾಕದಿಂದ ಧಾರವಾಡದವರೆಗೆ ನಗುತ್ತಾರೆ. ಆದರೆ ಕೈ ಸಡಿಲ ಎನ್ನಿಸಿಕೊಳ್ಳುವುದಕ್ಕಿಂತ ತಲೆ ಸಡಿಲ ಎನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು ಅವನಿಗೆ. ಒಂಬತ್ತರ ಬಸ್ಸು ಹಿಡಿದ.

ಪ್ರಯೋಗಶಾಲೆಯಲ್ಲಿ ದಾನೇಶ್ವರಿ ಒಬ್ಬಳೇ ಇದ್ದಳು. ಮುರಿಗೆಪ್ಪ ಗಾಜಿನ ಬಿಲ್ಲೆಯ ಮೇಲೆ ಒಂದಿಷ್ಟು ವಿಭೂತಿ ಉದುರಿಸಿ, ಮೇಲೊಂದು ಹನಿ ಫಾರ್ಮಿಕ್ ಆಮ್ಲ ಬಿಟ್ಟ. ಗುಳ್ಳೆ ಎದ್ದವು. ಆಮೇಲೆ ಕಪಾಟಿನಿಂದ ಹಳೆಯ ಫ್ಲಾಸ್ಕ್ ತಂದು ಬಾಯಂಚನ್ನು ಬೆಳಕಿಗೆ ಹಿಡಿದ. ಮಾಸಿದ ಬಿಳಿ ಗೆರೆಗಳು ಕಂಡವು.

"ತಪ್ಪು ನಂದು ಮ್ಯಾಡಮ್ಮಾರ."

ಆಕೆ ಫ್ಲಾಸ್ಕನ್ನೂ ಗುಳ್ಳೆಯನ್ನೂ ನೋಡಿದಳು. "ದಿನಾ ಹಚ್ಚತಿದ್ರಿ?"

"ದಿನಾ ಮುಂಜಾನೆ."

"ಭಾರದ್ದಕ್ಕ ಅಷ್ಟ?"

"ಹಗುರದ್ದು ಮನ್ಯಾಗ ಹುಟ್ಟಿದ ಎತ್ತಿನಂಗ್ರಿ, ಅದಕ್ಕ ದಿನಾ ಯಾರು ಪೂಜಿ ಮಾಡ್ತಾರ? ಭಾರದ್ದು ಹೊಸಾದು."

ದಾನೇಶ್ವರಿಗೆ ಸಿಟ್ಟು ಬಂತು. ಬಾರದೇ ಇರುತ್ತದೆಯೇ? "ನಾಕು ವರ್ಷ ಕಾಕಾ! ನಾಕು ವರ್ಷ!" ಎಂದು ಮೇಜಿಗೆ ಅಂಗೈ ಬಡಿದಳು. ಆಮೇಲೆ ಪೆನ್ನು ತೆಗೆದು ಲೆಕ್ಕ ಹಾಕಿದಳು. ಎಂಟು ಇರಬೇಕಾದ ಫರಕು ಮೂವತ್ತು ಆಗಬೇಕಾದರೆ ಎಷ್ಟು ವಿಭೂತಿ ಬಿದ್ದಿರಬೇಕು? ಒಂದು ಮಿಲಿಗ್ರಾಮೂ ಬೇಕಿರಲಿಲ್ಲ. ದಿನವೂ ಅಷ್ಟೇ ಬಿದ್ದಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕಾಗದವನ್ನೇ ನೋಡುತ್ತ ಆಕೆಗೆ ಒಮ್ಮೆಲೆ ನಗು ಬಂತು.

"ವಿಭೂತಿ ಹಚ್ಚೂದ್ರಾಗೂ ನಿಮ್ಮ ಕೈ ಒಂದ ಅಳತಿ ನೋಡ್ರಿ. ನೀವು ಹೇಳದಿದ್ರ ನನಗ ಈ ಜನ್ಮದಾಗ ಗೊತ್ತ ಆಗ್ತಿರಲಿಲ್ಲ."

"ಕೈ ತಪ್ಪು ಮಾಡಬಹುದ್ರಿ. ಸುಳ್ಳು ಹೇಳಬಾರದು. ಕಾಗದದಾಗ ಬರೀರಿ ಇದನ್ನ. ನನ್ನ ಹೆಸರು ಹಾಕೇ ಬರೀರಿ."

ಬರೆದಳು. ಸಿಬ್ಬಂದಿ ಕೋಣೆಯಲ್ಲಿ ಎರಡು ದಿನ ನಗೆಯೋ ನಗೆ. ಮುರಿಗೆಪ್ಪ ನಗುವವರ ಮುಂದೆಯೇ ಹಣೆಗೆ ಎಂದಿನ ಹಾಗೆ ವಿಭೂತಿ ಹಚ್ಚಿಕೊಂಡು ಓಡಾಡಿದ. ವಿಭೂತಿಯದೇನು ತಪ್ಪು? ಹಣೆಗೆ ಹಚ್ಚುವುದನ್ನು ಫ್ಲಾಸ್ಕಿಗೆ ಹಚ್ಚಿದವನದು ತಪ್ಪು.

ಆದರೆ ಕಷ್ಟ ತೀರಲಿಲ್ಲ. ವಿಭೂತಿಯಿಲ್ಲದೆ ಮುರಿಗೆಪ್ಪನೇ ಅಳೆದರೂ ಒಂದು ದಿನ ಹತ್ತು, ಒಂದು ದಿನ ಐದು. ಎಂಟರ ಸುತ್ತಲೇ ಸುತ್ತುತ್ತಿತ್ತು, ಎಂಟರ ಮೇಲೆ ನಿಲ್ಲುತ್ತಿರಲಿಲ್ಲ. ಮೀಟರ್ ಬೆಳಿಗ್ಗೆ ಒಂದು ಹೇಳಿದರೆ ಮಧ್ಯಾಹ್ನದ ಸೆಕೆಗೆ ಇನ್ನೊಂದು ಹೇಳುತ್ತಿತ್ತು. ಅಷ್ಟು ಸಣ್ಣ ಫರಕನ್ನು ಹಿಡಿಯುವುದು ಅದಕ್ಕೆ ಮೀರಿದ್ದು. ತಿಂಗಳು ಮುಗಿಯಲು ಹತ್ತು ದಿನ ಉಳಿದವು, ದಾನೇಶ್ವರಿಯ ಮುಖ ಬಾಡಿತು. ಮುರಿಗೆಪ್ಪ ಸತ್ಯ ಹೇಳಿದ್ದನೇನೋ ಖರೆ, ಆದರೆ ಕೈಯ ಮೇಲಿನ ಮಾತು ಇನ್ನೂ ಹಾಗೇ ಇತ್ತು.

ಪೇಟೆಯ ದಿನ ತುಕ್ಕಾನಟ್ಟಿಯ ಯಲ್ಲಾರಿ ಬಂದು ಅವನನ್ನು ಮೂಡಲಗಿಗೆ ಕರೆದೊಯ್ದ. ಯಲ್ಲಾರಿಗೆ ಒಂದು ಜೋಡಿ ಎತ್ತು ಬೇಕಿತ್ತು. ಎರಡು ಬಿಳಿ ಎತ್ತು ಮನಸ್ಸಿಗೆ ಬಂದಿದ್ದವು, ಎರಡನ್ನೂ ಒಂದೊಂದಾಗಿ ಭಾರ ಎಳೆಸಿ, ಹೊಡೆದು ನೋಡಿದ್ದ.

"ಎರಡೂ ಒಂದ ಕಸುವಿನವು ಅಂತಾನ್ರಿ ದಲಾಲಿ. ನನಗೂ ಹಂಗ ಕಾಣಸ್ತು."

"ಬ್ಯಾರೆ ಬ್ಯಾರೆ ಹೊಡದ್ರ ಏನ ಗೊತ್ತಾಗತೈತಿ?" ಎಂದ ಮುರಿಗೆಪ್ಪ. "ಒಂದು ನೀರು ಕುಡದಿರತೈತಿ, ಒಂದು ಕುಡದಿರಾಂಗಿಲ್ಲ. ಒಂದಕ್ಕ ಇಳಕಲಾ ಸಿಕ್ಕಿರತೈತಿ, ಒಂದಕ್ಕ ಏರು. ಒಂದ ನೊಗಕ್ಕ ಹೂಡು ಎರಡನ್ನೂ. ದಾರಿ ಒಂದ, ಭಾರ ಒಂದ, ಬಿಸಲ ಒಂದ. ಯಾವುದು ಗೇಣು ಹಿಂದ ಬೀಳತೈತಿ ನೊಗಾನ ಹೇಳತೈತಿ."

ಇದು ಅಪ್ಪನ ಮಾತು. ಮುರಿಗೆಪ್ಪ ನೂರು ಸಲ ಹೇಳಿದ್ದ, ನೂರೊಂದನೆಯ ಸಲ ಹೇಳುತ್ತಿದ್ದ. ಎತ್ತು ಹೂಡಿದರು, ಚಕ್ಕಡಿಯ ಮೇಲೆ ಆರು ಮಂದಿ ಹತ್ತಿ ಕೂತರು. ಉಸುಕಿನ ಕಡೆ ತಿರುಗಿದ ಕೂಡಲೇ ನೊಗ ಎಡಕ್ಕೆ ಓರೆಯಾಯಿತು. ಸ್ವಲ್ಪವೇ, ನಾಲ್ಕು ಬೆರಳಷ್ಟು. ಯಲ್ಲಾರಿ "ಹೌದಲ್ರಿ!" ಎಂದು ಹಿಂದಿರುಗಿ ನೋಡಿದರೆ ಮುರಿಗೆಪ್ಪನ ಚಿತ್ತ ಎತ್ತಿನ ಕಡೆ ಇರಲೇ ಇಲ್ಲ. ಓರೆಯಾದ ನೊಗವನ್ನು ನೋಡುತ್ತ ನಿಂತಿದ್ದವನು ಕಿಸೆಯಿಂದ ಫೋನ್ ತೆಗೆಯುತ್ತಿದ್ದ.

"ಮ್ಯಾಡಮ್ಮಾರ, ನಾನ್ರಿ ಮುರಿಗೆಪ್ಪ. ದನದ ಪ್ಯಾಟ್ಯಾಗ ಅದೇನಿ. ಎರಡೂ ಆಮ್ಲ ಒಂದ ಫ್ಲಾಸ್ಕಿನ್ಯಾಗ ಹಾಕ್ರಿ!"

"ಏನ್ ಅಂದ್ರಿ ಕಾಕಾ? ದನ ಒದರಾಕತ್ತಾವು, ಕೇಳಸವಲ್ದು!"

"ಒಂದ ನೊಗಕ್ಕ ಹೂಡ್ರಿ ಅಂದೆ! ಬ್ಯಾರೆ ಬ್ಯಾರೆ ಅಳದ್ರ ಬಿಸಲು ಬ್ಯಾರೆ, ಮೀಟರ್ ಬ್ಯಾರೆ, ವಿಭೂತಿ ಬ್ಯಾರೆ. ಕೂಡಿಸಿ ಹಾಕಿದ್ರ ಏನ ಬಿದ್ರೂ ಎರಡಕ್ಕೂ ಬೀಳತೈತಿ. ಯಾವುದು ಹಿಂದ ಉಳೀತೈತಿ ಅಷ್ಟ ನೋಡೂದು!"

ಆ ಕಡೆ ಖುರ್ಚಿ ಸರಿದ ಸದ್ದಾಯಿತು.

"ಕಾಕಾ," ಎಂದಳು ದಾನೇಶ್ವರಿ. "ಹೊರದೇಶದಾಗ ಹಿಂಗ ಮಾಡ್ಯಾರ. ನಾನು ಓದೀನಿ. ದೊಡ್ಡ ಯಂತ್ರ ಬೇಕು, ನಮ್ಮಲ್ಲಿ ಇಲ್ಲ ಅಂತ ಆ ಹಾಳಿ ತಿರುವಿ ಹಾಕಿದ್ದೆ. ನೀವು ಎತ್ತಿನ ಪ್ಯಾಟ್ಯಾಗ ನಿಂತು ಅದನ್ನ ಹೇಳಾಕತ್ತೀರಿ."

ಹೊರದೇಶದವರು ಮೊದಲೇ ಮಾಡಿದ್ದರು ಎಂದು ಮುರಿಗೆಪ್ಪನಿಗೆ ಬೇಸರವೇನೂ ಆಗಲಿಲ್ಲ. ಅವರ ಊರಲ್ಲೂ ತಿಳಿದವರು ಇದ್ದಾರೆ ಅಂದುಕೊಂಡ.

ಯಂತ್ರ ಇದ್ದದ್ದು ಧಾರವಾಡದಲ್ಲಿ, ಸದಾಶಿವ ಸರ್ ಕೈಕೆಳಗೆ. ದಾನೇಶ್ವರಿ ನಾಲ್ಕು ಸಲ ಫೋನ್ ಮಾಡಿ ಒಂದು ದಿನದ ಸಮಯ ಪಡೆದಳು. ಆ ದಿನ ಇಬ್ಬರೂ ಮುಂಜಾನೆಯ ಬಸ್ಸು ಹಿಡಿದರು. ಮುರಿಗೆಪ್ಪನ ತೊಡೆಯ ಮೇಲೆ ಬಾಟಲಿಗಳ ಡಬ್ಬಿ, ಕಿಸೆಯಲ್ಲಿ ಕಾಗದದಲ್ಲಿ ಸುತ್ತಿದ ವಿಭೂತಿ ಗಟ್ಟಿ. ಊರು ಬಿಟ್ಟು ಹೋಗುವಾಗ ಅದು ಅವನ ಕಿಸೆಯಲ್ಲಿ ಇದ್ದೇ ಇರುತ್ತದೆ.

ಯಂತ್ರ ಆಳೆತ್ತರದ ಉಕ್ಕಿನ ಹಂಡೆಯ ಹಾಗಿತ್ತು. ಪೆನ್ಸಿಲ್ ದಪ್ಪದ ಗಾಜಿನ ಕೊಳವೆಯಲ್ಲಿ ಎರಡೂ ಆಮ್ಲದ ಮಿಶ್ರಣ ತುಂಬಿ ಅದರೊಳಗೆ ಇಳಿಸಿದರೆ, ಪರದೆಯ ಮೇಲೆ ಆಮ್ಲದ ಗೆರೆ ಮೂಡುತ್ತದೆ. ಆಮ್ಲ ತನ್ನ ಬಾಗಿಲಿನ ಹೈಡ್ರೋಜನ್ ಕಳಿಸಿದಷ್ಟೂ ಗೆರೆ ಜರುಗುತ್ತದೆ. ಯಾವ ಗೆರೆ ಯಾವುದರದು ಎಂದು ಹೇಗೆ ಗೊತ್ತಾಗಬೇಕು ಎಂದು ಮುರಿಗೆಪ್ಪ ಕೇಳಿದ.

"ನೋಡ್ರಿ, ನಿಮಗ ಗೊತ್ತಾಗತೈತಿ," ಎಂದಳು ದಾನೇಶ್ವರಿ.

ಪರದೆಯ ಮೇಲೆ ಮೊದಲು ಒಂಟಿ ಗೆರೆ ಕಂಡಿತು. ಅದು ಹಗುರದ್ದು. ಅದರ ಪಕ್ಕಕ್ಕೆ ಇನ್ನೊಂದು ಮೂಡಿತು, ಒಂದಲ್ಲ, ಸಮಸಮ ಎತ್ತರದ ಮೂರು ಗೆರೆ. ಭಾರದ ಹೈಡ್ರೋಜನ್ ಇರುವ ಆಮ್ಲ ಆ ಯಂತ್ರಕ್ಕೆ ಹಾಗೇ ಕಾಣುತ್ತದಂತೆ. ಮುರಿಗೆಪ್ಪ ಎರಡು ಸಲ ಕಣ್ಣು ಒರೆಸಿಕೊಂಡು ನೋಡಿದ. ತಾನು ದಿನಾ ಹಚ್ಚುತ್ತಿದ್ದ ಮೂರು ಬೆರಳು! ಈ ಪುಣ್ಯಾತ್ಮನಿಗೆ ತನ್ನ ವಿಭೂತಿ ಬೇಕೇ ಇರಲಿಲ್ಲ, ಹುಟ್ಟುತ್ತಲೇ ಹಚ್ಚಿಕೊಂಡು ಬಂದಿದ್ದ.

ಆಮೇಲೆ ಕೆಲಸ. ಮುರಿಗೆಪ್ಪ ಮಿಶ್ರಣಕ್ಕೆ ಅರ್ಧರ್ಧ ಹನಿ ಕ್ಷಾರ ಬಿಟ್ಟ, ಕೊಳವೆ ತುಂಬಿದ, ಯಂತ್ರಕ್ಕೆ ಕೊಟ್ಟ, ಕಾದ, ಮತ್ತೆ ಬಿಟ್ಟ. ಒಂಟಿ ಗೆರೆ ಜರುಗಿತು, ಮೂರು ಗೆರೆಯೂ ಜರುಗಿತು, ಆದರೆ ಕೂದಲಷ್ಟು ಹಿಂದೆ. ಪ್ರತಿ ಸಲವೂ ಹಿಂದೆ. ನೊಗ ಓರೆಯಾಗುವುದನ್ನು ನೋಡಿದವನಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. ಸಂಜೆಯ ಹೊತ್ತಿಗೆ ಹನ್ನೊಂದು ಅಳತೆ ಆದವು. ದಾನೇಶ್ವರಿ ಅವನ್ನು ಚುಕ್ಕೆ ಇಟ್ಟು ನೋಡಿದರೆ ಹನ್ನೊಂದೂ ಒಂದೇ ನೇರಕ್ಕೆ ಬಿದ್ದವು. ಲೆಕ್ಕ ಎಂಟು ಅಂದಿತು. ಆಕೆಯ ಕಣ್ಣು ತುಂಬಿಬಂದವು.

ಸದಾಶಿವ ಸರ್ ಬಂದರು. ಚುಕ್ಕೆಗಳನ್ನು ನೋಡಿದರು. ಮೆಚ್ಚಿದರೂ ಸೋಲಲು ಮನಸ್ಸಿಲ್ಲದವರ ಹಾಗೆ ತುಟಿಯಂಚಿನಲ್ಲಿ ನಕ್ಕರು.

"ಛಲೋ ಐತಿ. ಆದ್ರ ನಿಮ್ಮ ವರದಿ ಓದೀನಿ. ಇದರಾಗೂ ವಿಭೂತಿ ಬಿದ್ದಿಲ್ಲ ಅಂತ ಏನ ಗ್ಯಾರಂಟಿ?"

ಕೋಣೆಯಲ್ಲಿದ್ದ ಇಬ್ಬರು ಸಂಶೋಧಕರು ಕಿಸಕ್ಕನೆ ನಕ್ಕರು. ದಾನೇಶ್ವರಿ ಬಾಯಿ ತೆರೆಯುವುದರೊಳಗೆ ಮುರಿಗೆಪ್ಪ ಮುಂದೆ ಬಂದ.

"ಬಿದ್ದಿಲ್ರಿ ಸರ. ಈಗ ಹಾಕ್ತೇನಿ ನೋಡ್ರಿ."

ಕಿಸೆಯಿಂದ ಗಟ್ಟಿ ತೆಗೆದು ಮೂರು ಬೆರಳಿನಿಂದ ತಿಕ್ಕಿದ. ಉದುರಿದ ಪುಡಿಯನ್ನು ಎಲ್ಲರ ಕಣ್ಣ ಮುಂದೆ ಹೊಸ ಮಿಶ್ರಣಕ್ಕೆ ಹಾಕಿದ. ಗುಳ್ಳೆ ಎದ್ದವು. ಗುಳ್ಳೆ ಅಡಗುವವರೆಗೆ ಫ್ಲಾಸ್ಕನ್ನು ಅಲುಗಾಡಿಸಿದ, ಹತ್ತಿಯಲ್ಲಿ ಸೋಸಿ ಬೂದಿ ಬಿಟ್ಟ, ತಿಳಿಯನ್ನು ಕೊಳವೆಗೆ ತುಂಬಿದ. ಎಷ್ಟು ಹಾಕಿದ ಎಂದು ಅವನೂ ಅಳೆಯಲಿಲ್ಲ, ಬೇರೆ ಯಾರೂ ಅಳೆಯಲಿಲ್ಲ.

"ಕ್ಷಾರದ ಬದ್ಲಿ ವಿಭೂತಿ ಹಾಕೇನ್ರಿ ಸರ. ಬಿದ್ದದ್ದು ಎರಡಕ್ಕೂ ಬಿದ್ದೈತಿ. ಹಿಂದ ಉಳಿಯೂದು ಹಿಂದ ಉಳಿಯಾಕ ಬೇಕಲ್ರಿ?"

ಯಂತ್ರ ಗುನುಗುತ್ತಿತ್ತು. ಕಾಲು ತಾಸು ಯಾರೂ ಹೊರಗೆ ಹೋಗಲಿಲ್ಲ, ಚಹಾ ಬಂದದ್ದು ಆರಿಹೋಯಿತು. ಗೆರೆಗಳು ಮೂಡಿದವು. ಒಂಟಿ ಗೆರೆ ಮುಂದೆ, ಮೂರು ಗೆರೆ ಕೂದಲಷ್ಟು ಹಿಂದೆ. ಲೆಕ್ಕವನ್ನು ಈ ಸಲ ದಾನೇಶ್ವರಿ ಮಾಡಲಿಲ್ಲ, ಸದಾಶಿವ ಸರ್ ತಾವೇ ಕೂತು ಮಾಡಿದರು. ಒಮ್ಮೆ ಮಾಡಿದರು, ಇನ್ನೊಮ್ಮೆ ಮಾಡಿದರು. ಹನ್ನೆರಡನೆಯ ಚುಕ್ಕೆ ಉಳಿದ ಹನ್ನೊಂದರ ನೇರಕ್ಕೇ ಬಿತ್ತು. ಎಂಟು.

ನಗುತ್ತಿದ್ದ ಸಂಶೋಧಕರಲ್ಲಿ ಒಬ್ಬ ಮೆಲ್ಲಗೆ ಚಪ್ಪಾಳೆ ತಟ್ಟಿದ. ದಾನೇಶ್ವರಿ ಮುರಿಗೆಪ್ಪನ ಮುಖ ನೋಡಿದಳು. ತನ್ನ ಅಪ್ಪನನ್ನು ಎಂದೂ ಆಕೆ ಅಷ್ಟು ಹೆಮ್ಮೆಯಿಂದ ನೋಡಿರಲಿಲ್ಲ.

ಸದಾಶಿವ ಸರ್ ತಿಂಗಳ ಹಿಂದಿನ ಕಾಗದವನ್ನು ಕಡತದಿಂದ ತೆಗೆದರು. ಅದರಲ್ಲಿನ ಒಂದೂವರೆ ಸಾಲನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದರು. ಹೊಸ ಹಾಳೆ ತೆಗೆದುಕೊಂಡು, ಕನ್ನಡಕ ಒರೆಸಿ, ತಲೆ ಎತ್ತದೆ ಕೇಳಿದರು.

"ಈ ಅಳತಿ ಮಾಡಿದ ಕೈ ಯಾರದು ಅಂತ ಬರೀಲಿ?"

ಮುರಿಗೆಪ್ಪ ಮೇಜಿನ ಬಳಿ ಬಂದು, ಬಲಗೈಯನ್ನು ಅವರ ಹಾಳೆಯ ಪಕ್ಕಕ್ಕೆ ಇಟ್ಟ. ಮೂರು ಬೆರಳು ಇನ್ನೂ ಬೆಳ್ಳಗಿದ್ದವು.

"ನಂದರಿ. ಮುರಿಗೆಪ್ಪ ಬಸವಲಿಂಗಪ್ಪ ಎತ್ತಿನಮನಿ, ಕುಲಗೋಡ. ಪೂರಾ ಬರೀರಿ."

ಸದಾಶಿವ ಸರ್ ಪೂರಾ ಬರೆದರು.